ಭಾವನ ತಟ್ಟೆಗೆ ಬಂದ ಹಂದಿತಲೆ

ನನ್ನ ಭಾವ ಪೆನಿಯಾಮಿನಾ ಮೀನಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೊಂಡವರೇ ಅಲ್ಲ. ಬ್ರೆಡ್ಡನ್ನು ಮೂಸುತ್ತಾರೆ. ಅಂಗಡಿಯವನನ್ನೂ ಮೂಸಿಬಿಡುತ್ತಾರೇನೋ ಎನ್ನುವಷ್ಟು ಹತ್ತಿರ ಹೋಗಿ ಅವನ ಮುಖ ನೋಡುತ್ತಾರೆ. ಆಪಿಯಾ ಪಟ್ಟಣದ ಹೊರಗೆ, ವೈತೆಲೆಯಲ್ಲಿ, ಹಡಗಿನಿಂದ ಇಳಿದ ಸರಕು ತುಂಬಿಡುವ ಒಂದು ಗೋದಾಮಿಗೆ ಅವರು ಕಾವಲುಗಾರರಾಗಿದ್ದರು. ಅನುಮಾನ ಪಡುವುದಕ್ಕೆಂದೇ ಸಂಬಳ ಪಡೆದವರು. ಹೊರಗೆ ಹೋಗುವವರ ಚೀಲ ತಡಕಬೇಕು, ಲಾರಿಯ ಸೀಟಿನ ಕೆಳಗೆ ಕೈ ಹಾಕಬೇಕು, ನಗುತ್ತ ಮಾತಾಡಿಸಿದವನನ್ನು ಇನ್ನೊಂದು ಸಲ ನಿಲ್ಲಿಸಿ ನೋಡಬೇಕು. ಮಾಡಿ ಮಾಡಿ ಅದು ಮೈಗೆ ಹತ್ತಿಬಿಟ್ಟಿತು. ಕೆಲಸ ಬಿಟ್ಟ ಮೇಲೂ ಮನೆಗೆ ಯಾರಾದರೂ ಬಂದರೆ ಭಾವನ ಕಣ್ಣು ಅವರ ಮುಖಕ್ಕಿಂತ ಮೊದಲು ಅವರ ಚೀಲಕ್ಕೆ ಹೋಗುತ್ತಿತ್ತು.

ನಾನು ಅವರ ಹೆಂಡತಿ ಲಾಂಗಿಯ ತಂಗಿ, ಎನೆ. ಗಂಡ ಹೋದ ಮೇಲೆ ಅಕ್ಕನ ಮನೆಯಲ್ಲೇ ಇದ್ದೇನೆ. ಮಾರ್ಕೆಟ್ಟಿನಲ್ಲಿ ನನ್ನದೊಂದು ಹೊಲಿಗೆ ಯಂತ್ರ ಇದೆ. ನಾನು ಬಟ್ಟೆ ಕತ್ತರಿಸಿ ಹೊಲಿದು ಮುಗಿಸಿದರೆ ಭಾವ ಬಾಗಿಲಲ್ಲಿ ನಿಂತು, "ಉಳಿದ ತುಂಡು ಎಲ್ಲಿ ಎನೆ?" ಅನ್ನುತ್ತಿದ್ದರು. ನಾನೂ ಬಿಡುವವಳಲ್ಲ. "ಒಳಗೆ ಉಟ್ಕೊಂಡಿದೀನಿ ಭಾವ, ತೋರಿಸ್ಲಾ?" ಅಂದರೆ ಕೆಮ್ಮಿಕೊಂಡು ಹೋಗಿಬಿಡುತ್ತಿದ್ದರು. ಹಾಗಂತ ಕೆಟ್ಟವರಲ್ಲ. ಅಷ್ಟು ವರ್ಷ ಗೋದಾಮಿನ ಬಾಗಿಲಲ್ಲಿ ಕೂತು ಒಂದು ಬಿಸ್ಕತ್ತನ್ನೂ ಮನೆಗೆ ತಂದವರಲ್ಲ. ಚರ್ಚಿನಲ್ಲಿ ಹಾಡು ಶುರುವಾದರೆ ಎಲ್ಲರಿಗಿಂತ ಮೊದಲು ಅವರ ಕಣ್ಣೇ ಒದ್ದೆಯಾಗುವುದು. ಆದರೆ ಒದ್ದೆ ಕಣ್ಣಲ್ಲೇ ಕಾಣಿಕೆ ತಟ್ಟೆ ಹಿಡಿದವನ ಕೈಯನ್ನು ನೋಡುತ್ತಿರುತ್ತಾರೆ.

ಇಂಥವರು ಮತಾಯಿ ಆದರು, ಅಂದರೆ ಕುಟುಂಬದ ಹೆಸರು ಹೊತ್ತ ಯಜಮಾನ. ಸವಾಯಿ ದ್ವೀಪದ ಸಫಾತೋವಾ ಅವರ ತಾಯಿಯ ಊರು. ಅಲ್ಲಿ ಅವರ ಸೋದರಮಾವ ಲೆವಾಸಾ ಎಂಬ ಹೆಸರನ್ನು ಹೊತ್ತು, ಕುಟುಂಬದ ಯಜಮಾನನಾಗಿ, ಊರ ಸಭೆಯಲ್ಲಿ ಕೂರುತ್ತಿದ್ದರು. ಮಾವ ತೀರಿಕೊಂಡಾಗ ಆ ಹೆಸರು ಇಯೊಪುವಿಗೆ ಹೋಗುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಇಯೊಪು ಭಾವನ ಚಿಕ್ಕಮ್ಮನ ಮಗ. ಊರಲ್ಲೇ ಇದ್ದವನು, ತೋಟ ಮಾಡಿದವನು, ಮಾವನ ಕೊನೆಗಾಲದಲ್ಲಿ ಹಾಸಿಗೆಯ ಹತ್ತಿರ ಇದ್ದವನು. ಆದರೆ ಮನೆಯ ಮುದುಕಿಯರು ಕೂತು, ಈ ಸಲ ಮಾವನ ಹಿರಿಯ ಅಕ್ಕನ, ಅಂದರೆ ಭಾವನ ತಾಯಿಯ, ಮಕ್ಕಳ ಸರದಿ ಎಂದು ತೀರ್ಮಾನಿಸಿದರು. ಹೆಸರು ಸಮುದ್ರ ದಾಟಿ ನಮ್ಮ ಮನೆಗೆ ಬಂತು.

ಹೆಸರು ಕೊಡುವ ದಿನ ಇಯೊಪು ಬರಲಿಲ್ಲ. ಕಾಲಿಗೆ ಹುಣ್ಣಾಗಿದೆ ಅಂತ ಹೇಳಿ ಕಳಿಸಿದ. ಅದನ್ನು ಭಾವ ವಾರಗಟ್ಟಲೆ ಜಗಿದರು.

"ಹುಣ್ಣಂತೆ! ಆ ಹುಣ್ಣನ್ನ ನೋಡಿದೋರು ಯಾರು?"

"ನೀವೇ ಹೋಗಿ ಬಿಚ್ಚಿ ನೋಡ್ಬೇಕಿತ್ತು," ಅಂದಳು ಅಕ್ಕ.

"ಊರೋರು ಬಂದ್ರು, ಉಡುಗೊರೆ ಚಾಪೆ ತಗೊಂಡ್ರು, ತಿಂದ್ರು, ಹೋದ್ರು. ಒಬ್ಬನಾದ್ರೂ ನನ್ನನ್ನ ಬಾಯ್ತುಂಬ ಲೆವಾಸಾ ಅಂತ ಕರೆದ್ನಾ? 'ಆಪಿಯಾದವರೇ' ಅಂತಾರೆ! ಅದೇನು ಹೆಸರಾ?"

ಅದು ಮಾತ್ರ ನಿಜ, ನಾನೂ ಗಮನಿಸಿದ್ದೆ. ಕುಟುಂಬ ಹೆಸರು ಕೊಡಬಹುದು, ಆದರೆ ಊರು ಆ ಹೆಸರು ಹಿಡಿದು ಕರೆಯದಿದ್ದರೆ ಅದು ಪೆಟ್ಟಿಗೆಯಲ್ಲಿ ಮಡಚಿಟ್ಟ ಬಟ್ಟೆ ಅಷ್ಟೇ. ಒಂದು ಸೋಮವಾರ ಊರ ಸಭೆ ಎಂದು ಸುದ್ದಿ ಬಂತು. ಭಾವ ಮೊದಲ ಸಲ ಆ ಸಭೆಯಲ್ಲಿ ಕೂರಬೇಕು. ಅವತ್ತು ಊರು ಅವರನ್ನು ಏನೆಂದು ಕರೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಭಾವ ರಾತ್ರಿ ನಿದ್ದೆಯಲ್ಲೂ ಗೊಣಗುತ್ತಾರೆ ಎಂದು ಅಕ್ಕ ಹೇಳಿದಳು.

ಶನಿವಾರ ಹೊರಟೆವು. ಭಾವ, ಅಕ್ಕ, ಜೊತೆಗೆ ನಾನು. ಬೆಳಗಿನ ಮೊದಲ ಹಡಗು ಕಟ್ಟೆಯಲ್ಲಿ ನಿಂತಿತ್ತು, ಜನ ಹತ್ತುತ್ತಿದ್ದರು. ಭಾವ ತಲೆ ಓರೆ ಮಾಡಿ ನೋಡಿದರು.

"ಇದು ಎಡಕ್ಕೆ ವಾಲಿದೆ."

"ನಿಮ್ಮ ತಲೆ ವಾಲಿದೆ ಭಾವ," ಅಂದೆ ನಾನು.

"ಸುಮ್ನಿರು. ಲಾರಿ ಎಲ್ಲಾ ಒಂದೇ ಕಡೆ ನಿಲ್ಲಿಸಿದಾರೆ. ಮುಂದಿನದಕ್ಕೆ ಹೋಗೋಣ."

ಮೊದಲ ಹಡಗು ನೆಟ್ಟಗೆ ಹೋಗಿ ನೆಟ್ಟಗೆ ದಡ ಸೇರಿತು. ನಾವು ಬಿಸಿಲಲ್ಲಿ ಕಾದು, ಎರಡನೆಯದನ್ನು ಹಿಡಿದು, ಸಲೆಲೊಲೊಗಾ ಕಟ್ಟೆಯಲ್ಲಿ ಇಳಿದಾಗ ಊಟದ ಹೊತ್ತು ಮೀರಿತ್ತು. ಬೆಳಗ್ಗೆ ಭಾವ ಏನನ್ನೂ ತಿಂದಿರಲಿಲ್ಲ. ತೂಲಿ ಹೋಟೆಲಲ್ಲಿ ತಿನ್ನೋಣ ಅಂತ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದರು.

ತೂಲಿ ಅಂದರೆ ಆಪಿಯಾದಲ್ಲೂ ಜನ ಬಾಯಲ್ಲಿ ನೀರೂರಿಸುತ್ತಾರೆ. ಗೋದಾಮಿನ ಲಾರಿಯವರಂತೂ ಸವಾಯಿಗೆ ಹೋಗಿ ತೂಲಿಯಲ್ಲಿ ಶನಿವಾರದ ಹಂದಿ ತಿನ್ನದೆ ಬಂದವನನ್ನು ಹೋಗಿಯೇ ಇಲ್ಲ ಎನ್ನುತ್ತಿದ್ದರು. ಹಡಗುಕಟ್ಟೆಯಿಂದ ಕೂಗಳತೆಯ ದೂರ, ತಗಡಿನ ಮಾಡು, ಗೋಡೆಯ ತುಂಬ ಹೊರದೇಶದವರು ಹಲ್ಲು ಬಿಟ್ಟು ತೆಗೆಸಿಕೊಂಡ ಫೋಟೋಗಳು. ಒಳಗೆ ಜಾಗವಿಲ್ಲ. ಬಚ್ಚಲಿನ ಬಾಗಿಲ ಹತ್ತಿರ ಒಂದು ಮೇಜು ಸಿಕ್ಕಿತು.

"ನೋಡಿದ್ಯಾ?" ಅಂದರು ಭಾವ ಮೆಲ್ಲಗೆ. "ಬಚ್ಚಲ ಪಕ್ಕ."

"ಖಾಲಿ ಇದ್ದದ್ದೇ ಅದೊಂದು," ಅಂದಳು ಅಕ್ಕ.

"ಖಾಲಿ ಇತ್ತೋ, ಖಾಲಿ ಇಟ್ಟಿದ್ರೋ?"

ಕೂತೆವು, ಕೂತೇ ಇದ್ದೆವು. ಬಡಿಸುವವಳು ಟಿಲಾ ಅಂತ. ಹೆಸರು ಹೇಗೆ ಗೊತ್ತಾಯಿತೆಂದರೆ ಹೋಟೆಲಿಗೆ ಹೋಟೆಲೇ "ಟಿಲಾ! ಟಿಲಾ!" ಎಂದು ಕೂಗುತ್ತಿತ್ತು, ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಅದು ಕೇಳಿಸುತ್ತಿತ್ತು. ಕಿವಿಯ ಮೇಲೊಂದು ಹೂ, ಕೈಯಲ್ಲೊಂದು ಮೊಬೈಲು. ನಮ್ಮ ಮುಂದೆ ಹಾದುಹೋದಳು, ಮತ್ತೆ ಹಾದುಹೋದಳು. ಕೂತ ಹಿರಿಯರ ಮುಂದೆ ದಾಟುವಾಗ ನಮ್ಮಲ್ಲಿ ಪುಟ್ಟ ಮಗು ಕೂಡ ಬೆನ್ನು ಬಗ್ಗಿಸಿ, ಕ್ಷಮಿಸಿ ಅಂತ ಹೇಳಿ ದಾಟುತ್ತದೆ. ಇವಳು ಕಂಬದಂತೆ ನೆಟ್ಟಗೆ ಹೋದಳು. ಭಾವನ ದವಡೆ ಬಿಗಿಯಿತು.

"ಇವಳಿಗೆ ನಾನ್ಯಾರು ಅಂತ ಗೊತ್ತು. ಗೊತ್ತಿದ್ದೇ ಮಾಡ್ತಿದಾಳೆ."

"ಭಾವ, ಅವಳಿಗೆ ತಾನ್ಯಾರು ಅಂತಾನೇ ಗೊತ್ತಿದ್ದಂಗಿಲ್ಲ," ಅಂದೆ.

"ಈ ಹೋಟೆಲಿನ ಯಜಮಾನಿ ಇದಾಳಲ್ಲ ಅಕೆನೆಸೆ, ಅವಳು ಇಯೊಪು ಹೆಂಡತಿಯ ಊರೋಳು. ಹಡಗಲ್ಲಿ ಒಬ್ಬನ್ನ ವಿಚಾರಿಸ್ದೆ."

ಊಟಕ್ಕೆ ಹೋಗುವ ಹೋಟೆಲಿನ ಯಜಮಾನಿಯ ಹುಟ್ಟೂರನ್ನು ವಿಚಾರಿಸಿಕೊಂಡು ಬರುವವರು ಲೋಕದಲ್ಲಿ ನನ್ನ ಭಾವ ಒಬ್ಬರೇ ಇರಬೇಕು. ಆದರೆ ಅವರು ಹಾಗೆ ಹೇಳಿದ ಮೇಲೆ ನನಗೂ ಒಳಗೊಳಗೇ ಚುಚ್ಚತೊಡಗಿತು. ಗಲ್ಲಾದ ಹಿಂದೆ ಕೂತ ಅಕೆನೆಸೆ ಒಂದೆರಡು ಸಲ ನಮ್ಮ ಕಡೆ ನೋಡಿದ್ದಳು. ಸುಮ್ಮನೆ ನೋಡಿದಳೋ, ಗುರುತಿಟ್ಟು ನೋಡಿದಳೋ? ಅನುಮಾನ ಕೆಮ್ಮಿನ ಥರ, ಪಕ್ಕದಲ್ಲಿ ಕೂತವರಿಗೂ ಬರುತ್ತದೆ.

ಕಿಟಕಿಯ ಹತ್ತಿರ, ಗಾಳಿ ಬರುವ ಮೇಜಿನಲ್ಲಿ, ದಪ್ಪನೆಯ ಯುವಕನೊಬ್ಬ ಟೋಪಿ ಹಾಕಿಕೊಂಡೇ ಕೂತಿದ್ದ. ನಮಗಿಂತ ಆಮೇಲೆ ಬಂದವನು. ಅವನಿಗೆ ಅಕೆನೆಸೆ ತಾನೇ ಎದ್ದು ಹೋಗಿ ತಟ್ಟೆ ಇಟ್ಟಳು. ತಟ್ಟೆಯಲ್ಲಿ ಹಂದಿಯ ಬೆನ್ನಿನ ತುಂಡು, ಅಂಗೈ ಅಗಲದ್ದು, ಚರ್ಮ ಕೆಂಪಗೆ ಗರಿಗರಿ. ಭಾವ ಅದನ್ನು ನೋಡಿದರು. ಅಲ್ಲಿಂದ ಕಣ್ಣು ಕೀಳಲೇ ಇಲ್ಲ.

ಕೊನೆಗೆ ನಮ್ಮ ಮೇಜಿಗೂ ಊಟ ಬಂತು. ಟಿಲಾ ತಟ್ಟೆಗಳನ್ನು ಇಟ್ಟದ್ದಲ್ಲ, ಜಾರಿಬಿಟ್ಟದ್ದು. ಕೆಸುವಿನ ಗೆಡ್ಡೆ ಅರ್ಧ ಬೆಂದಿತ್ತು, ಒಂದು ತುತ್ತಿಗೇ ನನ್ನ ಗಂಟಲು ತುರಿಸಿತು. ಕೆಸುವಿನೆಲೆಯಲ್ಲಿ ಕಟ್ಟಿ ಸುಟ್ಟ ತೆಂಗಿನ ಹಾಲು ಡಬ್ಬಿಯದು, ಬಾಯಲ್ಲಿ ಸೋಪಿನ ಹಾಗೆ ಜಿಡ್ಡು. ಹಸಿಮೀನು ಬೆಚ್ಚಗಿತ್ತು, ಅದು ಬೆಚ್ಚಗಿರಬಾರದ ಪದಾರ್ಥ. ಕೋಕೋ ಮಾತ್ರ ತಣ್ಣಗಿತ್ತು. ನೊಣ ಓಡಿಸಲು ಒಂದು ಬೀಸಣಿಗೆ ಕೇಳಿದರೆ ಟಿಲಾ, "ಕೈ ಇದೆಯಲ್ಲಮ್ಮ," ಅಂದಳು. ಇಷ್ಟಕ್ಕಾಗಿಯೇ ಲಾರಿಯವರು ಬಾಯಿ ಚಪ್ಪರಿಸುತ್ತಿದ್ದರೇ ಎಂದು ನನಗೆ ರೇಗಿತು.

ಭಾವ ಇದಾವುದನ್ನೂ ನೋಡಲಿಲ್ಲ. ಅವರ ತಟ್ಟೆಯಲ್ಲಿ ಹಂದಿಯ ಕೆನ್ನೆ ಇತ್ತು. ಅರ್ಧ ತಲೆ. ಕಿವಿಯ ತುದಿಯಲ್ಲಿ ಕೂದಲು ಕೂಡ ಸುಡದೆ ಉಳಿದಿತ್ತು.

ನಮ್ಮಲ್ಲಿ ಹಂದಿ ಅಂದರೆ ಬರೀ ಮಾಂಸವಲ್ಲ. ಊರಲ್ಲಿ ಒಂದು ಹಂದಿ ಬೇಯಿಸಿದರೆ ಯಾವ ತುಂಡು ಯಾರ ಮುಂದೆ ಹೋಗಬೇಕು ಎಂಬುದು ಅಜ್ಜಂದಿರ ಕಾಲದಿಂದ ನಿಂತ ಮಾತು. ಬೆನ್ನು ದೊಡ್ಡ ಮತಾಯಿಗೆ. ಕಾಲು, ಪಕ್ಕೆ, ಹೊಟ್ಟೆ, ಒಂದೊಂದಕ್ಕೂ ಒಬ್ಬೊಬ್ಬ ಯಜಮಾನರಿದ್ದಾರೆ. ತಲೆ ಯಾರಿಗೆ? ಇನ್ನೂ ಯಾವ ಹೆಸರೂ ಸಿಗದೆ, ಹಿಂದಿನ ಅಡುಗೆ ಕೊಟ್ಟಿಗೆಯಲ್ಲಿ ಕಲ್ಲು ಕಾಯಿಸಿ ಹಂದಿ ಬೇಯಿಸುವವರಿಗೆ. ತುಂಡನ್ನು ನೋಡಿದರೆ ಎದುರಿಗೆ ಕೂತವನು ಯಾರೆಂದು ತಿಳಿಯುತ್ತದೆ.

"ನೋಡು ಲಾಂಗಿ," ಅಂದರು ಭಾವ. "ಹೇಳಿ ಕಳಿಸಿದಾನೆ. ನೀನು ಮತಾಯಿ ಅಲ್ಲ, ಕೊಟ್ಟಿಗೆಯೋನು ಅಂತ ತಟ್ಟೆಯಲ್ಲಿ ಬರೆದು ಕಳಿಸಿದಾನೆ ಇಯೊಪು."

ಅಕ್ಕ ಬೆರಳು ನೆಕ್ಕಿದಳು. "ರೀ, ಇದು ಹೋಟ್ಲು. ಇಲ್ಲಿ ಕೈಗೆ ಸಿಕ್ಕಿದ್ದನ್ನ ತಟ್ಟೆಗೆ ಹಾಕ್ತಾರೆ. ಮೊನ್ನೆ ಮೊನ್ನೆವರೆಗೂ ನೀವೇ ತಲೆಗೋಸ್ಕರ ಹುಡುಗರ ಜೊತೆ ಕಿತ್ತಾಡ್ತಿದ್ರಿ. ತಿನ್ನಿ ಸುಮ್ನೆ."

"ಅವನಿಗೆ ಬೆನ್ನು, ನನಗೆ ತಲೆ?" ಕಿಟಕಿಯ ಕಡೆ ಗದ್ದ ತೋರಿಸಿದರು. "ಅವನ್ಯಾರು ಗೊತ್ತಾ? ಇಯೊಪುವಿನ ಕಡೆಯೋನೇ ಇರ್ಬೇಕು. ನಾನು ತಿಂತೀನಾ ಇಲ್ವಾ ನೋಡೋಕೆ ಕೂರಿಸಿದಾರೆ. ತಿಂದ್ರೆ ಒಪ್ಕೊಂಡಂಗೆ."

ಆ ಹೊತ್ತಿಗೆ ನನಗೂ ಊಟದ ಸಿಟ್ಟು ನೆತ್ತಿಗೇರಿತ್ತು. ಕೂಗಾಡಿ ತಟ್ಟೆ ಬದಲಾಯಿಸಿಕೊಳ್ಳಲಿ ಎಂದು ಕಾದೆ. ಭಾವ ಕೂಗಾಡಲಿಲ್ಲ. ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡರು. ಸಭೆಯಲ್ಲಿ ಹಿರಿಯರು ಆಡುವ ಗಂಭೀರ ಮಾತಿನಲ್ಲಿ ಭಾಷಣ ಶುರುಮಾಡಿಬಿಟ್ಟರು.

"ಈ ಮನೆಯ ಕಂಬಗಳಿಗೆ ವಂದನೆ. ಈ ಮನೆಯ ಒಲೆಗೂ, ಒಲೆಯ ಮುಂದೆ ಬೆಂದವರಿಗೂ ವಂದನೆ. ಸಮುದ್ರ ಶಾಂತವಾಗಿತ್ತು, ನಾವು ಸುಖವಾಗಿ ದಾಟಿದೆವು, ಅದಕ್ಕಾಗಿ ದೇವರಿಗೆ ಸ್ತೋತ್ರ. ಈಗ ನನ್ನ ಮುಂದೆ ಒಂದು ಪಾಲು ಬಂದಿದೆ. ಇದು ದಾರಿ ತಪ್ಪಿ ಬಂದ ಪಾಲು. ಇದಕ್ಕೂ ಒಬ್ಬ ಒಡೆಯನಿದ್ದಾನೆ, ಅವನು ಎಲ್ಲಿ ಕಾಯುತ್ತಿದ್ದಾನೋ ಪಾಪ..."

ಮತಾಯಿ ಹೀಗೆ ಮಾತು ತೆಗೆದರೆ ಅಲ್ಲಿ ಇದ್ದವರು ಇದ್ದಲ್ಲೇ ಕೂರಬೇಕು, ಮಧ್ಯೆ ಬಾಯಿ ಹಾಕುವಂತಿಲ್ಲ. ಹೋಟೆಲಿಗೆ ಹೋಟೆಲೇ ಸ್ತಬ್ಧವಾಯಿತು. ಟಿಲಾ ಕೈಯಲ್ಲಿದ್ದ ತಟ್ಟೆಗಳ ಸಮೇತ ನೆಲಕ್ಕೆ ಕುಕ್ಕರಿಸಿದಳು. ಅಡುಗೆಯವರು ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ತಲೆ ತಗ್ಗಿಸಿ ಕೂತರು. ಟೋಪಿಯವನು ಬಾಯಲ್ಲಿದ್ದ ಬೆನ್ನಿನ ತುಂಡನ್ನು ಅಗಿಯುವುದನ್ನು ನಿಲ್ಲಿಸಿ, ಟೋಪಿ ತೆಗೆದ. ಮೂಲೆಯ ಮೇಜಿನ ಬಿಳಿಯ ಪ್ರವಾಸಿಗಳು ಮಾತ್ರ ಇದು ಊಟದ ಜೊತೆಗೆ ಕೊಡುವ ಪ್ರದರ್ಶನ ಅಂದುಕೊಂಡು ಫೋಟೋ ಹೊಡೆದರು. ಭಾವ ಮುಗಿಸಿದಾಗ ಅವರಲ್ಲೊಬ್ಬಳು ಚಪ್ಪಾಳೆ ತಟ್ಟಿದಳು.

ಅಕೆನೆಸೆ ಗಲ್ಲಾ ಬಿಟ್ಟು ಬಂದು ನಮ್ಮ ಮೇಜಿನ ಮುಂದೆ ನೆಲದ ಮೇಲೆ ಕಾಲು ಮಡಚಿ ಕೂತಳು. ದೊಡ್ಡ ಹೆಂಗಸು, ಕೂರಲು ಕಷ್ಟಪಟ್ಟಳು.

"ತಪ್ಪಾಯ್ತು ಹಿರಿಯರೇ. ಮೊದಲ್ನೇ ಹಡಗಿನೋರೇ ಎಲ್ಲಾ ತಿಂದ್ಹಾಕಿದ್ರು, ಎರಡನೇದಕ್ಕೆ ಬಂದೋರಿಗೆ ತಲೆ ಬಿಟ್ರೆ ಏನೂ ಉಳಿದಿರ್ಲಿಲ್ಲ. ತಾವು ಯಾವ ಊರಿನ ಯಾವ ಹೆಸರಿನೋರು ಅಂತ ಗೊತ್ತಾಗಿದ್ರೆ..."

"ಸಫಾತೋವಾದ ಲೆವಾಸಾ."

ಅಕೆನೆಸೆ ಕಣ್ಣರಳಿಸಿದಳು. "ಲೆವಾಸಾ ತೀರಿಕೊಂಡ್ರಲ್ವಾ?"

ಅವಳ ಮುಖವನ್ನು ನಾನು ಹತ್ತಿರದಿಂದ ನೋಡುತ್ತಿದ್ದೆ. ಅದರಲ್ಲಿ ಕಪಟವಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೊಸ ಲೆವಾಸಾ ಒಬ್ಬರು ಇದ್ದಾರೆ ಎಂಬ ಸುದ್ದಿಯೇ ಆ ಹೋಟೆಲಿಗೆ ಮುಟ್ಟಿರಲಿಲ್ಲ. ನನಗೆ ಭಾವನ ಬಗ್ಗೆ ಅಯ್ಯೋ ಅನ್ನಿಸಿತು. ಇಷ್ಟು ಹೊತ್ತು ತಮ್ಮನ್ನು ಅವಮಾನ ಮಾಡಲು ಹೋಟೆಲಿಗೆ ಹೋಟೆಲೇ ಸಂಚು ಹೂಡಿದೆ ಅಂತ ಕೂತಿದ್ದರು. ಅಲ್ಲಿದ್ದವರಿಗೆ ಅವರ ಗುರುತೇ ಇರಲಿಲ್ಲ.

ಅಕೆನೆಸೆ ಒಳಗಿಂದ ದನದ ಮಾಂಸದ ಒಂದು ದೊಡ್ಡ ಡಬ್ಬಿ ತರಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನಮ್ಮಲ್ಲಿ ಅದು ದೊಡ್ಡ ಮರ್ಯಾದೆ. ಭಾವ ಡಬ್ಬಿಯನ್ನು ನೋಡಿದರು.

"ಮುಚ್ಚಳ ತೆಗೆಯದೆ ಯಾಕೆ ಕೊಟ್ಳು?" ಅಂದರು ನನ್ನ ಕಿವಿಯಲ್ಲಿ.

"ತೆಗೆದು ಕೊಟ್ಟಿದ್ರೆ ಯಾಕೆ ತೆಗೆದಳು ಅಂತಿದ್ರಿ."

ಮುಟ್ಟಲೇ ಇಲ್ಲ. ಹಸಿದ ಹೊಟ್ಟೆಯಲ್ಲೇ ಹೊರಗೆ ನಡೆದರು. ಅಕ್ಕ ಹಂದಿ ಕೆನ್ನೆಯನ್ನು ಬಾಳೆಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಅಕೆನೆಸೆಗೆ ಕಣ್ಣಲ್ಲೇ ಕ್ಷಮೆ ಕೇಳಿ, ಹಿಂದೆ ಬಂದಳು.

ಸಫಾತೋವಾದ ಬಸ್ಸು ಹೊರಗೆ ನಿಂತಿತ್ತು. ಹತ್ತಿ ಕೂತರೆ ಡ್ರೈವರ್ ಸೀಟಿಗೆ ಹಲ್ಲು ಕೆದಕಿಕೊಳ್ಳುತ್ತ ಬಂದವನು ಅದೇ ಟೋಪಿಯವನು! ಹೆಸರು ಫಿಲೀಪೋ. ಯಾರ ಕಡೆಯವನೂ ಅಲ್ಲ, ಬಸ್ಸಿನವನು. ಬಸ್ಸಿನವರು ಜನರನ್ನು ತಂದು ಇಳಿಸುತ್ತಾರೆಂದು ತೂಲಿಯಲ್ಲಿ ಅವರಿಗೆ ಒಳ್ಳೆಯ ತುಂಡು ಎತ್ತಿಟ್ಟು ರಾಜೋಪಚಾರ, ಅಷ್ಟೇ. ನಾನು ಭಾವನ ಮುಖ ನೋಡಿದೆ, ಭಾವ ಕಿಟಕಿಯ ಹೊರಗೆ ನೋಡಿದರು. ಬಸ್ಸು ತುಂಬಿ, ಒಬ್ಬರ ತೊಡೆಯ ಮೇಲೊಬ್ಬರು ಕೂತರು. ಫಿಲೀಪೋ ಹಾಡು ಜೋರಾಗಿ ಹಚ್ಚಿ, ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು. ಮುಂದಿನ ಸಾಲು ನಕ್ಕಿತು. ನಗು ಸಾಲು ಸಾಲಾಗಿ ನಮ್ಮ ಕಡೆಗೆ ಬರುತ್ತಿತ್ತು. ನಮ್ಮ ಸಾಲಿನ ಹತ್ತಿರ ಬಂದು ನಿಂತುಹೋಯಿತು.

ಭಾನುವಾರ ಚರ್ಚಿಗೆ ಹೋಗುವ ಹೊತ್ತಿಗೆ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಹೆಂಗಸರು ಬೀಸಣಿಗೆಯ ಹಿಂದೆ ಬಾಯಿ ಮುಚ್ಚಿಕೊಂಡರು. "ಆಪಿಯಾದವರು ಬಂದ್ರು," ಅಂದ ಒಬ್ಬ ಮುದುಕ. ಆ ಮಾತು ಭಾವನಿಗೆ ಮುಳ್ಳು ಚುಚ್ಚಿದ ಹಾಗಾಗಿದ್ದು ನನಗೆ ಕಂಡಿತು. ಇಯೊಪು ಕೂಡ ಬಂದಿದ್ದ, ಕಾಲಿಗೆ ಬಟ್ಟೆ ಸುತ್ತಿಕೊಂಡು, ಕೋಲೂರಿ, ಕುಂಟುತ್ತ. ಪಾದ ಊದಿತ್ತು. ಹುಣ್ಣು ನಿಜವೇ.

"ನೋಡ್ರಿ, ಪಾಪ," ಅಂದಳು ಅಕ್ಕ.

"ಬಟ್ಟೆ ಯಾರು ಬೇಕಾದ್ರೂ ಸುತ್ಕೋಬಹುದು," ಅಂದರು ಭಾವ. ಆದರೆ ಆ ಮಾತಿನಲ್ಲಿ ಜೋರಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಇಯೊಪು ನಮ್ಮ ಕಡೆಗೇ ನೋಡುತ್ತ ಗೇಟಿನ ಹತ್ತಿರ ನಿಂತಿದ್ದ. ಭಾವ ಇನ್ನೊಂದು ಬಾಗಿಲಿನಿಂದ ನಮ್ಮನ್ನು ಹೊರಡಿಸಿದರು. ಮಾತಾಡಿಸಲು ನಿಂತಿದ್ದನೋ, ಕುಂಟುಗಾಲಿಗೆ ದಣಿವಾಗಿ ನಿಂತಿದ್ದನೋ ಎಂದು ಅವತ್ತು ನನಗೂ ತಿಳಿಯಲಿಲ್ಲ. ನನಗೂ ಅವನ ಮೇಲೆ ನಂಬಿಕೆ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಸೋಮವಾರ ಬೆಳಗ್ಗೆ ಭಾವ ಮೈಗೆ ಎಣ್ಣೆ ಹಚ್ಚಿಕೊಂಡು, ಹೊಸ ಪಂಚೆ ಉಟ್ಟು ಸಭೆಯ ಮನೆಗೆ ಹೋದರು. ಅದಕ್ಕೆ ಗೋಡೆಗಳಿಲ್ಲ, ಕಂಬಗಳಷ್ಟೇ. ಒಂದೊಂದು ಕಂಬಕ್ಕೆ ಒಬ್ಬೊಬ್ಬ ಮತಾಯಿ ಬೆನ್ನು ಕೊಟ್ಟು ಕೂರುತ್ತಾರೆ. ಹಿಂದಿನ ಅಡುಗೆ ಕೊಟ್ಟಿಗೆಯಲ್ಲಿ ನಾವು ಹೆಂಗಸರು ಕೆಸು ಹೆರೆಯುತ್ತಿದ್ದೆವು, ಅಲ್ಲಿಂದ ಎಲ್ಲಾ ಕಾಣುತ್ತಿತ್ತು, ಕೇಳುತ್ತಿತ್ತು. ಭಾವ ಮಾವನ ಕಂಬಕ್ಕೆ ಹೋಗಿ ಕೂತರು. ಯಾರೂ ತಡೆಯಲಿಲ್ಲ, ಯಾರೂ ಬನ್ನಿ ಅಂತಲೂ ಅನ್ನಲಿಲ್ಲ. ರಸ್ತೆ, ನೀರಿನ ಪೈಪು, ಯಾರದೋ ಕುದುರೆ ಯಾರದೋ ತೋಟಕ್ಕೆ ನುಗ್ಗಿದ್ದು, ಎಲ್ಲಾ ಮಾತಾದವು. ಭಾವನನ್ನು ಯಾರೂ ಕೇಳಲಿಲ್ಲ, ಅವರು ಬಾಯಿ ತೆರೆಯಲೂ ಇಲ್ಲ. ಹೆರೆಯುವ ಚಿಪ್ಪು ನನ್ನ ಕೈಯಲ್ಲೇ ನಿಂತಿತ್ತು.

ಕೊನೆಗೆ ಸಭೆಯ ಪರವಾಗಿ ಮಾತಾಡುವ ಮುದುಕ ಎದ್ದು, ಕೋಲಿಗೆ ಒರಗಿ ನಿಂತು, ಗಂಟಲು ಸರಿಮಾಡಿಕೊಂಡ.

"ಹಡಗುಕಟ್ಟೆಯ ಒಂದು ಅನ್ನದ ಅಂಗಡಿಯಲ್ಲಿ, ಪರವೂರಿನವರ ಮುಂದೆ, ಹಂದಿಯ ಒಂದು ತುಂಡಿಗಾಗಿ ಭಾಷಣವಾಯಿತಂತೆ. ಅಂಗಡಿಯ ಹೆಂಗಸು ನೆಲಕ್ಕೆ ಕೂತು ಕ್ಷಮೆ ಬೇಡಿದಳಂತೆ, ಕೊಟ್ಟ ಮರ್ಯಾದೆಯನ್ನು ಮುಟ್ಟದೆ ಎದ್ದು ಬಂದರಂತೆ. ಬಿಳಿಯರು ಚಪ್ಪಾಳೆ ತಟ್ಟಿದರಂತೆ." ಸಭೆ ತಲೆ ತಗ್ಗಿಸಿತು. ಕೆಲವರ ಭುಜ ಕುಲುಕುತ್ತಿತ್ತು. "ಆ ಹೆಸರು ಊರಿನ ಹೆಸರು. ಅದನ್ನು ಅಂಗಡಿಯಲ್ಲಿ ಖರ್ಚು ಮಾಡುವಂತಿಲ್ಲ. ಆದ್ದರಿಂದ ಲೆವಾಸಾಗೆ ದಂಡ. ಸಂಜೆಯೊಳಗೆ ಒಂದು ಹಂದಿ. ತಪ್ಪಿದರೆ ಲೆವಾಸಾನ ಕಂಬ ಖಾಲಿ."

ಸಭೆ ಏಳುವ ಮೊದಲೇ ಭಾವ ಹಿಂದಿನ ಕೊಟ್ಟಿಗೆಗೆ ಬಂದುಬಿಟ್ಟರು. ಅಳುತ್ತಾರೇನೋ ಎಂದು ನಾನು ಎದ್ದೆ. ಮುಖ ಹೊಳೆಯುತ್ತಿತ್ತು.

"ಎನೆ! ಲಾಂಗಿ! ದಂಡ ಹಾಕಿದ್ರು! ಕೇಳಿಸ್ತಾ? ಲೆವಾಸಾಗೆ ದಂಡ ಅಂದ್ರು! ಲೆವಾಸಾಗೆ!"

ಅಕ್ಕ ಹಣೆ ಚಚ್ಚಿಕೊಂಡಳು. "ದಂಡ ಬಿದ್ದಿದ್ದಕ್ಕೆ ಕುಣಿಯೋ ಗಂಡಸನ್ನ ಇವತ್ತೇ ನೋಡಿದ್ದು."

ಆದರೆ ನನಗೆ ಅರ್ಥವಾಯಿತು. ಹೊರಗಿನವನಿಗೆ ಊರು ದಂಡ ಹಾಕುವುದಿಲ್ಲ, ನಕ್ಕು ಸುಮ್ಮನಾಗುತ್ತದೆ. ಬಯ್ಯುವುದಕ್ಕಾದರೂ ಊರು ಆ ಹೆಸರನ್ನು ಬಾಯಿಗೆ ತಂದುಕೊಂಡಿತ್ತು. ನನಗೂ ಸಂತೋಷವೇ ಆಯಿತು.

ಸಂತೋಷ ಮಧ್ಯಾಹ್ನದವರೆಗೆ ಉಳಿಯಿತು. ನಮಗೆ ಆ ಊರಲ್ಲಿ ಹಂದಿ ಎಲ್ಲಿಂದ ಬರಬೇಕು? ಕೊಂಡುಕೊಳ್ಳೋಣವೆಂದು ಭಾವ ಮನೆಮನೆಗೆ ಹೊರಟರು, ನಾನೂ ಹೊರಟೆ. ಹೋದ ಕಡೆಯೆಲ್ಲ ಚಾಪೆ ಹಾಸಿದರು, ಎಳನೀರು ಕೊಟ್ಟರು, ಹಂದಿ ಮಾತ್ರ ಕೊಡಲಿಲ್ಲ.

"ನಿಮ್ಮ ಕುಟುಂಬದ ದಂಡಕ್ಕೆ ನಮ್ಮ ಹಂದಿ ಯಾಕೆ ಲೆವಾಸಾ? ಇಯೊಪುವಿನ ದೊಡ್ಡಿಯಲ್ಲಿ ಇಲ್ವಾ?" ಅನ್ನುತ್ತಿದ್ದರು.

ಹೆಸರು ಹಿಡಿದೇ ಕರೆಯುತ್ತಿದ್ದರು, ಹಂದಿಯಿಲ್ಲ ಎನ್ನುತ್ತಿದ್ದರು. ದಾರಿಯಲ್ಲಿ ಇಯೊಪುವಿನ ಮನೆ ಸಿಗುತ್ತಿತ್ತು. ಅವನು ಹೊರಗೆ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ. ಭಾವ ನೇರ ನೋಡುತ್ತ ದಾಟಿಹೋದರು. ವಾಪಸು ಬರುವಾಗಲೂ ದಾಟಿಹೋದರು.

"ಕೇಳೋಣ ಭಾವ," ಅಂದೆ.

"ಅವನತ್ರ ಬೇಡೋ ಹಾಗೆ ಮಾಡ್ಬೇಕು ಅಂತಾನೇ ಇದೆಲ್ಲಾ ಹೂಡಿದಾನೆ. ಸಭೆಯೋರ ಕಿವಿ ಕಚ್ಚಿದ್ದೂ ಅವನೇ. ನಾನು ಕೇಳ್ಬೇಕು, ಅವನು ಇಲ್ಲ ಅನ್ಬೇಕು, ನನ್ನ ಕಂಬ ಖಾಲಿಯಾಗ್ಬೇಕು. ಗೊತ್ತು ನನಗೆ."

ಬಿಸಿಲು ಇಳಿಯತೊಡಗಿತು. ಭಾವ ಮಾವನ ಮನೆಯ ಅಂಗಳಕ್ಕೆ ಬಂದು ಕಲ್ಲಿನ ಮೇಲೆ ಕೂತರು. ಬೆಳಗ್ಗೆ ಹೊಳೆದ ಮುಖ ಬೂದಿಯಾಗಿತ್ತು. ಸಭೆಯ ಮನೆಯ ಹತ್ತಿರ ಒಲೆಗೆ ಕಲ್ಲು ಕಾಯಿಸುತ್ತಿದ್ದ ಹೊಗೆ ಇಲ್ಲಿಗೂ ಬರುತ್ತಿತ್ತು. ಇನ್ನೇನು ನಾಳೆ ಹಡಗು ಹತ್ತಿ ಬರೀ ಪೆನಿಯಾಮಿನಾ ಆಗಿ ಮನೆಗೆ ಹೋಗುವುದೇ ಎಂದು ನನ್ನ ಎದೆ ಹಿಂಡಿತು.

ಆಗ ಬೇಲಿಯ ಆಚೆ ಹಂದಿಯ ಕಿರುಚಾಟ ಕೇಳಿತು. ಇಯೊಪು ಬರುತ್ತಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಗ್ಗ, ಹಗ್ಗದ ತುದಿಗೆ ಒಂದು ಕೊಬ್ಬಿದ ಕಪ್ಪು ಹಂದಿ. ಅದು ಎಳೆದತ್ತ ಇವನು ಕುಂಟುತ್ತಿದ್ದ. ಅಂಗಳಕ್ಕೆ ಬಂದು ನಿಂತು ಏದುಸಿರು ಬಿಟ್ಟ.

"ಹಿಡ್ಕೋ ಲೆವಾಸಾ. ಒಲೆ ಕಾದಿದೆ."

ಭಾವ ಹಗ್ಗ ಹಿಡಿಯಲಿಲ್ಲ. ಹಂದಿಯನ್ನು ನೋಡಿದರು, ಇಯೊಪುವನ್ನು ನೋಡಿದರು, ಅವನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬೇಲಿಯ ಕಡೆ ನೋಡಿದರು.

"ನಾನು ನಿನ್ನ ಕೇಳಿರ್ಲಿಲ್ವಲ್ಲ."

"ಕೇಳ್ಲಿಲ್ಲ." ಇಯೊಪುವಿನ ಮುಖ ಕೆಂಪಾಯಿತು. "ಬೆಳಗ್ಗೆಯಿಂದ ಹಂದಿ ಕಟ್ಟಿ, ಮನೆ ಮುಂದೆ ಚಾಪೆ ಹಾಕ್ಕೊಂಡು ಕೂತಿದ್ದೆ ನಾನು. ಊರ ಮನೆಗಳಿಗೆಲ್ಲಾ ಹೋದೆ ನೀನು, ನನ್ನ ಮನೆ ಮುಂದೆ ಮಾತ್ರ ಕತ್ತು ನೆಟ್ಟಗೆ ಮಾಡ್ಕೊಂಡು ಹೋದೆ. ವಾಪಸ್ ಬರ್ತಾ ಆದ್ರೂ ನಿಲ್ತಾನೆ ಅಂದ್ಕೊಂಡೆ. ನಿಲ್ಲಲಿಲ್ಲ. ನಿನ್ನೆ ಚರ್ಚ್ ಹತ್ರ ಕಾದೆ, ಹಿಂದಿನ ಬಾಗಿಲಲ್ಲಿ ಓಡಿದೆ." ಅವನು ಕೋಲನ್ನು ನೆಲಕ್ಕೆ ಕುಟ್ಟಿದ. "ಮಾವನ ಹೇಲು ಉಚ್ಚೆ ಬಾಚಿದ್ದು ನಾನು ಪೆನಿ. ಹೆಸರು ನಿನಗೆ ಕೊಟ್ರು, ಕೊಡ್ಲಿ, ಮುದುಕಿಯರ ಮಾತು. ಆದ್ರೆ ಆ ಹೆಸರಿಗೆ ದಂಡ ಬಿದ್ದಾಗ ನನ್ನ ಹಂದಿನೂ ಬೇಡ ಅಂದ್ರೆ, ನಾನು ಯಾರ ಮನೆಯೋನು ಹೇಳು?"

ಅಕ್ಕ ಒಳಗಿನಿಂದ ಬಂದು ಕಂಬ ಹಿಡಿದು ನಿಂತಳು. ನನಗೆ ಅಳು ಬಂತು, ಮುಚ್ಚಿಡುವುದೇನು. ಇಷ್ಟು ದಿನ ಭಾವ, ಊರಿನವರು ತಮ್ಮನ್ನು ಮನೆಯವರೆನ್ನುತ್ತಾರೋ ಇಲ್ಲವೋ ಎಂದು ಎದೆ ಬಡಿದುಕೊಂಡಿದ್ದರು. ಇವನೂ ಅದೇ ಭಯದಲ್ಲಿ ಆ ಚಾಪೆಯ ಮೇಲೆ ಕೂತಿದ್ದ.

ಭಾವ ಕಲ್ಲಿನಿಂದ ಎದ್ದರು. ಆಮೇಲೆ ಆ ಹೊಸ ಪಂಚೆಯಲ್ಲೇ ಇಯೊಪುವಿನ ಊದಿದ ಕಾಲಿನ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟರು, ತಲೆ ಬಗ್ಗಿಸಿ, ತಪ್ಪು ಒಪ್ಪಿಕೊಳ್ಳುವವರು ಕೂರುವ ಹಾಗೆ.

ಇಯೊಪು ಗಾಬರಿಯಾಗಿ ರಸ್ತೆಯ ಕಡೆ ನೋಡಿದ.

"ಏಳೋ, ಏಳು ಮಾರಾಯ! ಮತಾಯಿ ಹೀಗೆ ಮಣ್ಣಲ್ಲಿ ಕೂತಿದ್ದನ್ನ ಯಾರಾದ್ರೂ ನೋಡಿದ್ರೆ ಇನ್ನೊಂದು ಹಂದಿ ದಂಡ ಹಾಕ್ತಾರೆ. ನನ್ನತ್ರ ಇರೋದು ಇದೊಂದೇ."